ಎಡಗೈ ಬೆರಳಿನ ಕ್ಲಿಪ್ಪು

ನನ್ನನ್ನು ಯಾರಿಗಾದರೂ ಪರಿಚಯ ಮಾಡಿಕೊಡುವಾಗ ನನ್ನ ಹೆಂಡತಿ ಹೇಳುವ ಮಾತು ಒಂದೇ: "ಇವರ ಕೂಡ ಏನರ ಮಾತಾಡೂದಿದ್ರ ಲಗೂನ ಮುಗಸ್ರಿ. ಇವರ ಕಿವಿ ಇಲ್ಲಿ ಇರೂದಿಲ್ಲ." ಅದರಲ್ಲಿ ಸುಳ್ಳೇನೂ ಇಲ್ಲ. ಊಟಕ್ಕೆ ಕುಳಿತಾಗ ಓಣಿಯಲ್ಲಿ ಯಾರದೋ ಗಾಡಿ ಹಿಂದಕ್ಕೆ ಸರಿಯುತ್ತ ಕುಂಯ್ ಕುಂಯ್ ಎಂದರೆ ಸಾಕು, ಮುರಿದ ರೊಟ್ಟಿ ಕೈಯಲ್ಲೇ ಉಳಿಯುತ್ತದೆ. ಮಿಕ್ಸರ್, ಫ್ರಿಜ್ಜು, ಪಕ್ಕದ ಮನೆಯ ಇನ್ವರ್ಟರು, ಎಲ್ಲದರ ಸದ್ದೂ ನನಗೆ ಏನೋ ಕೆಟ್ಟಿದೆ ಎಂದೇ ಕೇಳಿಸುತ್ತದೆ. ಸದ್ದು ನಿಂತರೆ ಇನ್ನೂ ಕಷ್ಟ. ಯಾಕೆ ನಿಂತಿತು ಎಂದು ಎದ್ದು ನೋಡಬೇಕು.

ಬಾಗಲಕೋಟೆಯ ಒಂದು ಸಣ್ಣ ಏಜೆನ್ಸಿಯಲ್ಲಿ ಆಸ್ಪತ್ರೆಯ ಉಪಕರಣಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಎದೆಬಡಿತ ತೋರಿಸುವ ಮಾನಿಟರು, ಆಕ್ಸಿಜನ್ ಯಂತ್ರ, ಹಸುಗೂಸುಗಳನ್ನು ಬೆಚ್ಚಗಿಡುವ ವಾರ್ಮರು, ಕಫ ಎಳೆಯುವ ಸಕ್ಷನ್ನು, ಹೀಗೆ ಕರೆಂಟಿನಿಂದ ನಡೆಯುವ ಎಲ್ಲವೂ ಒಂದಲ್ಲ ಒಂದು ದಿನ ನನ್ನ ಕೈಗೆ ಬರುತ್ತವೆ. ಬೆಳಿಗ್ಗೆ ಬಾದಾಮಿ, ಮಧ್ಯಾಹ್ನ ಕೆರೂರ, ಸಂಜೆಯೊಳಗೆ ಗುಳೇದಗುಡ್ಡ, ಮರುದಿನ ಹುನಗುಂದ ದಾಟಿ ಇಳಕಲ್ಲು. ಬೈಕಿನ ಹಿಂದೆ ಟೂಲ್ ಬ್ಯಾಗು, ಜೇಬಿನಲ್ಲಿ ಫೋನು. ಫೋನು ಸುಮ್ಮನಿದ್ದರೆ ಅದು ಸತ್ತಿದೆಯೇನೋ ಎಂದು ತೆಗೆದು ನೋಡುತ್ತೇನೆ.

ಈ ಊರುಗಳು ನನಗೆ ಗುಡಿಗಳಿಂದಲೋ ಸೀರೆಗಳಿಂದಲೋ ಗುರುತಾಗುವುದಿಲ್ಲ, ಯಂತ್ರದ ಫಿಲ್ಟರಿನಿಂದ ಗುರುತಾಗುತ್ತವೆ. ಕಣ್ಣು ಕಟ್ಟಿ ಒಂದು ಕೊಳಕು ಫಿಲ್ಟರು ಕೈಗೆ ಕೊಟ್ಟರೂ ಊರು ಹೇಳಬಲ್ಲೆ. ಬಾದಾಮಿಯದು ಕೆಂಪು ಮಣ್ಣು, ತೊಳೆದರೂ ಬಣ್ಣ ಬಿಡದು. ಗುಳೇದಗುಡ್ಡದ್ದು ಮಗ್ಗದ ಎಳೆ, ಬೆರಳಿಗೆ ಹತ್ತಿಯಂತೆ ಅಂಟುತ್ತದೆ. ಇಳಕಲ್ಲಿನದು ಗ್ರಾನೈಟ್ ಪಾಲಿಶ್ ಮಾಡುವಾಗ ಹಾರುವ ನುಣ್ಣನೆಯ ಪುಡಿ. ಕೆರೂರಿನ ಫಿಲ್ಟರನ್ನು ಸಂತೆಯ ಮರುದಿನ ಬಿಚ್ಚಿದರೆ ಮೆಣಸಿನಕಾಯಿ ಘಾಟಿಗೆ ಸೀನು ಬರುತ್ತದೆ. ಇದನ್ನು ಹೆಂಡತಿಯ ಮುಂದೆ ಜಂಬದಿಂದ ಹೇಳಿದ್ದೆ. "ಮನಿ ಫ್ಯಾನಿನ ಮ್ಯಾಲಿನ ಧೂಳು ಯಾವ ಊರದು ಅಂತ ಒಮ್ಮೆ ನೋಡಿ ಹೇಳ್ರಿ" ಎಂದಳು.

ನಮ್ಮ ಕಡೆ ಯಂತ್ರದ ಅಲಾರ್ಮಿಗೆ ಅಲಾರ್ಮು ಎನ್ನುವವರು ಕಡಿಮೆ. ಮಶೀನು 'ಒದರತೈತಿ' ಎನ್ನುತ್ತಾರೆ. ಕೂಸು ಅಳುವುದಕ್ಕೂ ಅದೇ ಮಾತು, ಕುರಿ ಕೂಗುವುದಕ್ಕೂ ಅದೇ, ಹಿರಿಯರು ಬೈಯುವುದಕ್ಕೂ ಅದೇ. ನಮ್ಮಪ್ಪ ಕುರಿ ಕಾಯುತ್ತಿದ್ದವನು. ನಮ್ಮದು ಬೀರಪ್ಪನ ಒಕ್ಕಲು. ಹಿಂಡಿನಲ್ಲಿ ಒಂದು ಕುರಿ ಒದರಿದರೆ ಅದು ಹಸಿವಿನದೋ, ಮರಿ ಕಾಣದ್ದಕ್ಕೋ, ಅಂಜಿಕೆಯದೋ ಎಂದು ಕಂಬಳಿಯ ಮೇಲೆ ಕುಳಿತಲ್ಲಿಂದಲೇ ಹೇಳುತ್ತಿದ್ದ. ಅಪ್ಪನ ಕಿವಿ ನನಗೆ ಬಂದಿದೆ. ಅವನ ಹಾಗೆ ಕಂಬಳಿಯ ಮೇಲೆ ಕುಳಿತುಕೊಳ್ಳುವ ಗುಣ ಮಾತ್ರ ಬರಲಿಲ್ಲ. ಜನ ನನ್ನನ್ನು ಕರೆಯುವುದು ಮಶೀನು ಒದರುವುದನ್ನು ನಿಲ್ಲಿಸಲಿಕ್ಕೆ. ಅದು ಯಾಕೆ ಒದರುತ್ತಿದೆ ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಈಗ ಹೇಳಹೊರಟಿದ್ದು ಇಳಕಲ್ಲಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯ ವಿಷಯ. ಹೆಸರು ಬೇಡ. ಅಲ್ಲಿನ ಐಸಿಯುನ ಹಿರಿಯ ಸಿಸ್ಟರ್ ಫೋನ್ ಮಾಡಿ, "ಸರ, ಕಿಟಕಿ ಕಡಿ ಬೆಡ್ಡಿನ ಮಾನಿಟರ್‌ಗೆ ಹುಚ್ಚ ಹಿಡದೈತ್ರಿ. ಸುಮ್ಮ ಸುಮ್ಮನ ಒದರತೈತಿ, ನಾವು ಓಡಿ ಬರೂದ್ರಾಗ ತಾನ ಸುಮ್ಮನಾಗತೈತಿ" ಎಂದರು.

ಹೋದೆ. ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬ ಮುದುಕಿ. ಸಣ್ಣ ಜೀವ, ನೆಟ್ಟನೆಯ ಮೂಗು, ಹಣೆಯ ಮೇಲೆ ವಿಭೂತಿಯ ಅಳಿದುಳಿದ ಗೆರೆ. ಕೊರಳಲ್ಲಿ ದಾರ, ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ನ್ಯುಮೋನಿಯಾ ಆಗಿ ಎರಡೂ ಶ್ವಾಸಕೋಶ ಸೋತಿದ್ದವು. ಮೂಗಿನಲ್ಲಿ ಆಕ್ಸಿಜನ್ ನಳಿಗೆ. ಬಲಗೈಗೆ ಸಲೈನು, ಅದೇ ತೋಳಿಗೆ ರಕ್ತದೊತ್ತಡದ ಪಟ್ಟಿ. ಹಾಗಾಗಿ ರಕ್ತದಲ್ಲಿನ ಆಕ್ಸಿಜನ್ ಅಳೆಯುವ ಕ್ಲಿಪ್ಪನ್ನು ಎಡಗೈಯ ತೋರುಬೆರಳಿಗೆ ಹಾಕಿದ್ದರು. ಆ ಕ್ಲಿಪ್ಪಿನೊಳಗೆ ಸಣ್ಣ ಕೆಂಪು ದೀಪ ಉರಿಯುತ್ತದೆ, ಅದರ ವೈರು ಮಾನಿಟರಿಗೆ ಹೋಗುತ್ತದೆ. ಉಸಿರು ಇಳಿದರೆ ಅಂಕಿ ಇಳಿದು ಮಾನಿಟರು ಒದರುತ್ತದೆ.

ಡಾಕ್ಟರು ತಾಳ್ಮೆಯ ಮನುಷ್ಯ. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಇವರ ಪರಿಸ್ಥಿತಿ ನಾಜೂಕು. ಮಾತಾಡ್ತಾ ಇರೋ ಹಾಗೇನೆ ಆಕ್ಸಿಜನ್ ಇಳಿದುಬಿಡಬಹುದು, ಅವರಿಗೇ ಗೊತ್ತಾಗಲ್ಲ. ಈ ಅಲಾರ್ಮ್ ಬಿಟ್ರೆ ನಮಗೆ ಬೇರೆ ಕಾವಲಿಲ್ಲ. ದಯವಿಟ್ಟು ಸರಿಯಾಗಿ ನೋಡಿ."

ನೋಡಿದೆ. ಕ್ಲಿಪ್ಪನ್ನು ನನ್ನ ಬೆರಳಿಗೆ ಹಾಕಿಕೊಂಡು ಮಾನಿಟರಿನ ಮುಂದೆ ನಿಂತೆ. ನಾಡಿಯ ಅಲೆ ಚೆನ್ನಾಗಿ ಬಂತು. ಕೇಬಲ್ಲನ್ನು ತಿರುಚಿದೆ, ಎಳೆದೆ, ಬಗ್ಗಿಸಿದೆ. ಏನೂ ಇಲ್ಲ. ಯಂತ್ರದ ನೆನಪಿನಲ್ಲಿ ಉಳಿದಿದ್ದ ಸಂದೇಶ ಮಾತ್ರ ಪ್ರತಿಸಲವೂ ಒಂದೇ: ಕ್ಲಿಪ್ಪು ಬೆರಳಿಗೆ ತಾಗುತ್ತಿಲ್ಲ. ಕೇಬಲ್ಲಿನ ಒಳಗೆಲ್ಲೋ ಎಳೆ ಹರಿದಿದ್ದರೂ ಯಂತ್ರ ಇದನ್ನೇ ಹೇಳುತ್ತದೆ. ಬಂದು ಹೋಗುವ ಇಂಥ ದೋಷವೇ ನಮ್ಮ ಕಸುಬಿನ ಶತ್ರು. ಪೂರ್ತಿ ಕೆಟ್ಟ ಯಂತ್ರ ಎಷ್ಟೋ ವಾಸಿ. ಹೊಸ ಕ್ಲಿಪ್ಪು, ಹೊಸ ಕೇಬಲ್ಲು ಹಾಕಿದೆ. ಮುದುಕಿ ನಾನು ಮಾಡುವುದನ್ನೆಲ್ಲ ನೋಡುತ್ತಿದ್ದಳು. "ಊಟಾ ಆತೇನಪಾ?" ಎಂದಳು. "ಆತ್ರಿ ಆಯಿ" ಎಂದು ಸುಳ್ಳು ಹೇಳಿ ಬ್ಯಾಗು ಎತ್ತಿಕೊಂಡೆ.

ಹೊರಗೆ ಬೆಂಚಿನ ಮೇಲೆ ಅವಳ ಮಗಳು ಕುಳಿತಿದ್ದಳು. ಮನೆಯಲ್ಲಿ ಕೈಮಗ್ಗದ ಮೇಲೆ ಇಳಕಲ್ ಸೀರೆ ನೇಯುವವಳು. ಮನೆಯಲ್ಲಿ ಇರುವುದು ತಾಯಿ ಮಗಳು ಇಬ್ಬರೇ. ಅವಳ ಬೆರಳುಗಳು ಮಡಿಲಲ್ಲಿನ ಸೆರಗಿನ ಅಂಚನ್ನು ಎಳೆ ಎಳೆಯಾಗಿ ತಡವುತ್ತಿದ್ದವು. "ಮಶೀನ ಬರೋಬರಿ ಆತೇನ್ರಿ ಅಣ್ಣಾರ? ಅದು ಒದರಿದಾಗೆಲ್ಲಾ ನನ್ನ ಜೀವ ಬಾಯಿಗೆ ಬರತೈತ್ರಿ. ಒಳಗ ಬಿಡೂದಿಲ್ಲ. ಅವ್ವ ಮನಿಗಿ ಬಂದ್ರ ಸಾಕಾಗೇತ್ರಿ" ಎಂದಳು. "ಬರೋಬರಿ ಆಗೇತ್ರಿ, ಚಿಂತಿ ಮಾಡಬ್ಯಾಡ್ರಿ" ಎಂದೆ.

ಆಗಿರಲಿಲ್ಲ. ಎರಡನೆಯ ದಿನವೇ ಫೋನು. ಈ ಸಲ ನಾನು ಪಕ್ಕದ ಬೆಡ್ಡಿನ ಮಾನಿಟರನ್ನು ಇಲ್ಲಿಗೂ ಇಲ್ಲಿಯದನ್ನು ಅಲ್ಲಿಗೂ ಅದಲುಬದಲು ಮಾಡಿದೆ. ಹುಚ್ಚು ಹಿಡಿದ ಮಾನಿಟರು ಪಕ್ಕದ ಬೆಡ್ಡಿನಲ್ಲಿ ಸಾಧುವಾಗಿ ಕೂತಿತು. ಸಾಧುವಾಗಿದ್ದದ್ದು ಕಿಟಕಿಯ ಕಡೆ ಬಂದ ಮರುದಿನವೇ ಒದರಿತಂತೆ. ಹಾಗಾದರೆ ದೋಷ ಯಂತ್ರದ್ದಲ್ಲ, ಮಂಚದ್ದು. ಮತ್ತೆ ಹೋಗಿ ಆ ಗೋಡೆಯ ಪ್ಲಗ್ಗು ಬಿಚ್ಚಿದೆ. ಆಸ್ಪತ್ರೆಯ ಹಿಂದೆ ಹೋಗಿ ಅರ್ಥಿಂಗ್ ಗುಂಡಿಗೆ ಉಪ್ಪು ಹಾಕಿಸಿ ಕೊಡಗಟ್ಟಲೆ ನೀರು ಸುರಿಸಿದೆ. ಕಿಟಕಿಯ ಆಚೆ ಟ್ರಾನ್ಸ್‌ಫಾರ್ಮರು ಇದೆಯೇನೋ ಎಂದು ಬಗ್ಗಿ ನೋಡಿದೆ. ಅಲ್ಲಿ ಇದ್ದದ್ದು ಒಂದು ಬೇವಿನ ಮರ, ಅದರಡಿ ಮಲಗಿದ ನಾಯಿ.

ನಾಲ್ಕನೆಯ ಸಲ ಹೋದಾಗ ಮಾನಿಟರಿನ ಕೆಳಭಾಗದಲ್ಲಿ, ಸದ್ದು ಹೊರಬರುವ ತೂತುಗಳ ಮೇಲೆ, ಬಿಳಿಯ ಪ್ಲಾಸ್ಟರು ಅಂಟಿಸಿದ್ದು ಕಂಡಿತು. ಗಾಯಕ್ಕೆ ಹಚ್ಚುವಂಥದ್ದು, ಒಂದರ ಮೇಲೆ ಒಂದು, ಒತ್ತಾಗಿ. ನನಗೆ ಸಿಟ್ಟು ನೆತ್ತಿಗೇರಿತು.

"ಇದ ಯಾರ ಮಾಡಿದ್ರಿ?"

"ನಾನ ಮಾಡೇನ್ರಿ" ಎಂದರು ಹಿರಿಯ ಸಿಸ್ಟರ್, ಸ್ವಲ್ಪವೂ ಅಂಜದೆ. "ಬಾಜೂ ಬೆಡ್ಡಿನ ಹಿರಿಯರಿಗೆ ಮೊನ್ನಿ ಹಾರ್ಟ್ ಅಟ್ಯಾಕ್ ಆಗೇತಿ. ಇದು ಒದರಿದಾಗೆಲ್ಲಾ ಅವರು ಎದಿ ಹಿಡಕೊಂಡು ಎದ್ದು ಕುಂದರತಾರ. ನಾವು ಮುಂಜಾನಿ ಇರಾವ್ರು ಇಬ್ಬರ. ದಿನಾ ಸುಳ್ಳಿಗೆ ಎಷ್ಟಂತ ಓಡೂದು?"

"ಸಿಸ್ಟರ್, ಖರೇನ ಒದರಿದ ದಿನ ಯಾರಿಗಿ ಕೇಳಬೇಕ್ರಿ?"

"ನೀವು ಅದರ ಸುಳ್ಳ ಬಿಡಸ್ರಿ, ನಾ ಅದರ ಬಾಯಿ ಬಿಡಸ್ತೇನಿ."

ಅವರ ಮಾತೂ ನ್ಯಾಯವಾಗಿಯೇ ಇತ್ತು. ಅದೇ ನನಗೆ ಹೆಚ್ಚು ಸಂಕಟ ಮಾಡಿತು. ಪ್ಲಾಸ್ಟರಿನ ಹಿಂದಿನಿಂದ ಮಾನಿಟರಿನ ಸದ್ದು ಬಾಯಿಗೆ ಬಟ್ಟೆ ತುರುಕಿದವರ ದನಿಯಂತೆ ಬರುತ್ತಿತ್ತು. ಬಾಗಿಲಾಚೆ ಮಗಳು ಬೆಂಚಿನ ಮೇಲೆ ಕುಳಿತೇ ಇದ್ದಳು. ಈಗ ಅವಳಿಗೆ ಸದ್ದು ಕೇಳಿಸುತ್ತಿರಲಿಲ್ಲವಲ್ಲ, ಮಶೀನು ಸರಿಹೋಯಿತೆಂದೇ ತಿಳಿದಿದ್ದಳು. ನನ್ನನ್ನು ಕಂಡು ಎದ್ದು ಕೈ ಮುಗಿದಳು. ನಾನು ಫೋನು ಬಂದವನಂತೆ ನಟಿಸಿ ಮೆಟ್ಟಿಲಿಳಿದೆ.

ಮರುದಿನ ಬಾದಾಮಿಯಲ್ಲಿ ವಾರ್ಮರಿನ ಕೆಲಸವಿತ್ತು. ಕೈ ಅಲ್ಲಿ, ಮನಸ್ಸು ಇಳಕಲ್ಲಿನಲ್ಲಿ. ಒಂದು ಸ್ಕ್ರೂ ಯಂತ್ರದೊಳಗೆ ಬಿದ್ದು, ಅದನ್ನು ತೆಗೆಯಲು ಅರ್ಧ ವಾರ್ಮರು ಬಿಚ್ಚಬೇಕಾಯಿತು. ಮನೆಗೆ ಬಂದರೆ ಹೆಂಡತಿ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ನನಗೆ ಬಲು ಇಷ್ಟದ್ದು. ಉಪ್ಪು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ತಿಳಿಯದಂತೆ ತಿಂದೆ. "ಇವತ್ತ ಯಾವ ದವಾಖಾನ್ಯಾಗ ಅದೀರಿ?" ಎಂದಳು. "ಇಳಕಲ್ಲಾಗ" ಎಂದೆ. ಅವಳು ತಟ್ಟೆ ಎತ್ತಿಕೊಂಡು ಹೋದಳು.

ಹಾಸಿಗೆಯಲ್ಲಿ ಹೊರಳಾಡುವಾಗ ಒಂದು ಮಾತು ಹೊಳೆಯಿತು. ಸಿಸ್ಟರ್ 'ಮುಂಜಾನಿ ಇರಾವ್ರು ಇಬ್ಬರ' ಎಂದಿದ್ದರು. ಹಾಗಾದರೆ ಅದು ಒದರುವುದು ಬೆಳಿಗ್ಗೆ. ಯಂತ್ರಕ್ಕೆ ಬೆಳಿಗ್ಗೆ ಸಂಜೆ ಎಲ್ಲಿಂದ ಬರಬೇಕು? ಆ ಹೊತ್ತಿಗೆ ಪಕ್ಕದಲ್ಲಿ ಯಾವುದೋ ಮೋಟಾರು ಶುರುವಾಗುತ್ತಿರಬೇಕು, ನೀರಿನ ಪಂಪೋ, ಪಾಲಿಶ್ ಯಂತ್ರವೋ. ಅದನ್ನು ಹಿಡಿಯದೆ ಬಿಡಬಾರದೆಂದು ಬೆಳಗಿನ ಮೊದಲ ಬಸ್ಸು ಹತ್ತಿದೆ. ಹುನಗುಂದದಲ್ಲಿ ಬಸ್ಸು ನಿಂತಾಗ ಎಲ್ಲರೂ ಚಹಾ ಕುಡಿಯಲು ಇಳಿದರೆ, ನಾನು ಡ್ರೈವರನ ಸೀಟಿನ ಹಿಂದೆ ನಿಂತು ಕಾಲು ಬದಲಾಯಿಸುತ್ತಿದ್ದೆ.

ಐಸಿಯುನಲ್ಲಿ ಪಕ್ಕದ ಮಂಚ ಅವತ್ತು ಖಾಲಿಯಾಗಿತ್ತು. ಅದರ ಹಿರಿಯರು ಸುಧಾರಿಸಿ ವಾರ್ಡಿಗೆ ಹೋಗಿದ್ದರು. ಅಡ್ಡಪರದೆಯ ಹಿಂದೆ ಸ್ಟೂಲು ಹಾಕಿಕೊಂಡು ಕುಳಿತೆ. ಸುಮ್ಮನೆ ಕೂರುವುದು ನನ್ನಿಂದಾಗದ ಕೆಲಸವಾದ್ದರಿಂದ ಔಷಧಿಯನ್ನು ಹನಿಹನಿಯಾಗಿ ತಳ್ಳುವ ಒಂದು ಹಳೆಯ ಸಿರಿಂಜ್ ಪಂಪನ್ನು ಮಡಿಲಲ್ಲಿಟ್ಟುಕೊಂಡು ಬಿಚ್ಚತೊಡಗಿದೆ. ನೆಲ ಒರೆಸುವಾಕೆ ಬಂದು ಹೋದಳು. ಫಿನಾಯಿಲ್ ವಾಸನೆ ಹರಡಿತು. ಡ್ಯೂಟಿ ಬದಲಾಗುವ ಹೊತ್ತು, ಸಿಸ್ಟರುಗಳಿಬ್ಬರೂ ಮೂಲೆಯ ಮೇಜಿನ ಹತ್ತಿರ ಹೋದರು. ಕಿಟಕಿಯಿಂದ ಬಿಸಿಲು ಒಳಗೆ ಬಂದು ಮುದುಕಿಯ ಹಾಸಿಗೆಯ ಮೇಲೆ ಬಿತ್ತು.

ಅವಳು ಕಣ್ಣು ತೆರೆದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದಳು. ಪರದೆಯ ಸಂದಿಯಲ್ಲಿದ್ದ ನಾನು ಅವಳಿಗೆ ಕಾಣಲಿಲ್ಲ. ಲೋಟದ ನೀರಿನಲ್ಲಿ ಬೆರಳದ್ದಿ ಕಣ್ಣು, ಮುಖ ಒರೆಸಿಕೊಂಡಳು. ಅದೇ ಅವಳ ಜಳಕ. ದಿಂಬಿನ ಕೆಳಗಿನಿಂದ ವಿಭೂತಿಯ ಚೂರು ತೆಗೆದು ಹಣೆಗೆ ಎಳೆದುಕೊಂಡಳು. ಆಮೇಲೆ, ಸಲೈನು ಚುಚ್ಚಿದ ಬಲಗೈಯನ್ನು ಹುಷಾರಾಗಿ ಸರಿಸಿ, ಎಡಗೈ ತೋರುಬೆರಳಿನ ಕ್ಲಿಪ್ಪನ್ನು ಒತ್ತಿ ತೆಗೆದು, ಅದಕ್ಕೆ ನೋವಾದೀತೆಂಬಂತೆ ಮೆಲ್ಲಗೆ ಚಾದರದ ಮೇಲಿಟ್ಟಳು. ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣಿನ ಮಟ್ಟಕ್ಕೆ ಎತ್ತಿದಳು. ತುಟಿಗಳು ಅಲುಗತೊಡಗಿದವು.

ಮಾನಿಟರಿನ ಹಳದಿ ದೀಪ ಮಿಣುಕಿತು. ಪ್ಲಾಸ್ಟರಿನ ಹಿಂದಿನಿಂದ ಒದರಾಟ ಶುರುವಾಯಿತು. ಮುದುಕಿ ಅಲುಗಲಿಲ್ಲ. ಕಣ್ಣು ಅಂಗೈಯಲ್ಲೇ ನೆಟ್ಟಿತ್ತು. ಮೂಲೆಯಿಂದ ಸಿಸ್ಟರ್ ಕಾಲಿನ ಸದ್ದು ಹತ್ತಿರವಾದಾಗ ಮಾತ್ರ ಅಂಗೈಯನ್ನು ಎದೆಗೊತ್ತಿಕೊಂಡು, ಲಿಂಗವನ್ನು ಕರಡಿಗೆಗೆ ಸೇರಿಸಿ, ಚಾದರದಡಿ ಕೈ ಹಾಕಿ ಕ್ಲಿಪ್ಪನ್ನು ಬೆರಳಿಗೆ ಸಿಕ್ಕಿಸಿಕೊಂಡಳು. ದಿನವೂ ಮಾಡಿ ರೂಢಿಯಾದ ಕೈ. ಸಿಸ್ಟರ್ ಬಂದು ನೋಡುವಷ್ಟರಲ್ಲಿ ಅಲೆ ನೆಟ್ಟಗೆ ಓಡುತ್ತಿತ್ತು.

"ನೋಡ್ರಿ ಸರ, ಕಣ್ಣಾರೆ ನೋಡ್ರಿ! ಒದರಿತು, ಸುಮ್ಮನಾತು!" ಎಂದು ನನ್ನತ್ತ ಕೈ ತಿರುವಿ ಅವರು ಮತ್ತೆ ಮೇಜಿಗೆ ಹೋದರು.

ನನಗೆ ನಗು ಬಂತು, ಸಿಟ್ಟು ಬಂತು, ಎದ್ದು ಕುಣಿಯಬೇಕೆನಿಸಿತು. ಹುಟ್ಟಿದಾಗಿನಿಂದ ಈ ಸೀಮೆಯಲ್ಲೇ ಇದ್ದೇನೆ. ಇಲ್ಲಿ ಓಣಿಗೆ ಹತ್ತು ಮನೆಯವರು ಕೊರಳಲ್ಲಿ ಲಿಂಗ ಧರಿಸುತ್ತಾರೆ. ಸಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನ ತಾಯಿ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿಯುತ್ತಾರೆಂಬುದು ನನಗೆ ಗೊತ್ತೇ ಇತ್ತು. ಕ್ಲಿಪ್ಪು ಎಡಗೈಗಿದೆ ಎಂಬುದೂ ಗೊತ್ತಿತ್ತು. ಗೋಡೆಯೊಳಗಿನ ವೈರನ್ನೆಲ್ಲ ಹುಡುಕಿದವನಿಗೆ ಈ ಎರಡನ್ನು ಕೂಡಿಸಲು ಬರಲಿಲ್ಲ.

ಸ್ಟೂಲನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡೆ. "ಆಯಿ, ಈ ಕ್ಲಿಪ್ ದಿನಾ ನೀವ ತಗೀತೀರೇನ್ರಿ?"

ಅವಳು ನನ್ನನ್ನೇ ನೋಡಿದಳು. ಸಿಕ್ಕಿಬಿದ್ದ ಅಂಜಿಕೆಯೇನೂ ಕಾಣಲಿಲ್ಲ. "ಮತ್ತೇನ್ ಮಾಡ್ಲೋ ತಮ್ಮಾ? ಬೆರಳಿಗಿ ಚಿಮಟಾ ಕಚ್ಚಿಸಿಕೊಂಡು ಲಿಂಗಾ ಹಿಡೀತಾರೇನು? ಅಂಗೈ ಬರಿದ ಇರಬೇಕು."

"ಅದು ಒದರೂದು ನಿಮಗ ಕೇಳಸೂದಿಲ್ಲೇನ್ರಿ?"

"ಕೇಳಸ್ತೈತಿ. ಅದರ ಕೆಲಸ ಅದು ಮಾಡ್ತೈತಿ, ನನ್ನ ಕೆಲಸ ನಾ ಮಾಡ್ತೇನಿ."

"ಸಿಸ್ಟರ್‌ಗೆ ಒಂದ ಮಾತ ಹೇಳಬೇಕಿಲ್ರಿ?"

"ಬಂದ ದಿನಾನ ಕೊಳ್ಳಾಗಿಂದ ತಗದ ಮಗಳ ಕೈಯಾಗ ಕೊಡ್ರಿ ಅಂದ್ಲು. ಜೀವಾ ಹೋದ್ರೂ ಇದನ್ನ ಮೈ ಬಿಟ್ಟ ಇಡಂಗಿಲ್ಲ ಅಂದೆ. ಮಗಳು ಜಗಳಾ ಮಾಡಿ ಉಳಿಸಿದ್ಲು. ಇನ್ನ ಪೂಜಿ ಮಾಡ್ತೇನಿ ಅಂದ್ರ ಅದಕ್ಕೂ ಬ್ಯಾಡ ಅಂದಾಳು ಅಂತ ಸುಮ್ಮ ಇದ್ದೆ." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು ಕೇಳಿದಳು: "ನೀ ದಿನಾ ಬರತಿದ್ದಿ ಇದಕ್ಕೇನು? ಕೇಳಿದ್ರ ನಾನ ಹೇಳತಿದ್ದೆ."

ಯಾರೂ ಕೇಳಿರಲಿಲ್ಲ. ಎಲ್ಲರೂ ಮಾನಿಟರನ್ನೇ ಕೇಳುತ್ತಿದ್ದೆವು.

ಹಿರಿಯ ಸಿಸ್ಟರಿಗೆ ಹೇಳಿದಾಗ ಅವರು ಬಾಯಿಗೆ ಸೆರಗಿಲ್ಲದ್ದಕ್ಕೆ ಕೈಯನ್ನೇ ಅಡ್ಡ ಹಿಡಿದು ನಕ್ಕರು. ಆಮೇಲೆ ಮುದುಕಿಯ ತಲೆಯ ಮೇಲೆ ಕೈಯಿಟ್ಟು, "ಹೇಳಬಾರದೇನಬೇ ಆಯಿ, ನಾ ಏನ್ ಹುಲಿಯೇನು?" ಎಂದರು. ಡಾಕ್ಟರು ಬಂದರು, ಕೇಳಿದರು, ತಲೆಯಾಡಿಸಿದರು. "ಪೂಜೆ ಮಾಡ್ಲಿ, ಮನಸ್ಸಿಗೆ ಸಮಾಧಾನ ಇದ್ರೆ ಒಳ್ಳೇದೇ. ಕೈ ಬಿಟ್ಟು ಬೇರೆ ಎಲ್ಲಾದ್ರೂ ಹಾಕೋಕಾಗುತ್ತಾ?" ನನ್ನ ಬ್ಯಾಗಿನಲ್ಲಿ ಬೆರಳಿಗೆ ಪಟ್ಟಿಯಂತೆ ಸುತ್ತುವ ಇನ್ನೊಂದು ಬಗೆಯದಿತ್ತು. ಅದನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿದೆ. ಅಲೆ ಚೆನ್ನಾಗಿ ಬಂತು. ಮುದುಕಿ ಎರಡೂ ಕೈ ನೋಡಿಕೊಂಡು, "ಕಾಲಿಗಿ ಏನರ ಕಟ್ಕೋರಿ, ನನ್ನ ತಕರಾರಿಲ್ಲ" ಎಂದಳು. ಹಿರಿಯ ಸಿಸ್ಟರ್ ತಾವೇ ಬಗ್ಗಿ ಮಾನಿಟರಿನ ಪ್ಲಾಸ್ಟರನ್ನು ಉಗುರಿನಿಂದ ಕಿತ್ತು ಕಸದ ಬುಟ್ಟಿಗೆ ಹಾಕಿದರು. "ಬಾಯಿ ಬಿಡಿಸೇನಿ ನೋಡ್ರಿ ಸರ. ಮಾತ ಅಂದ್ರ ಮಾತ."

ಮಗಳಿಗೆ ಹೊರಗೆ ನಾನೇ ಹೇಳಿದೆ. ಅವಳು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ನನ್ನ ಒಳಗ ಬಿಡೂದ ಇಲ್ಲಲ್ರಿ. ಅವ್ವ ಹಿಂಗ ಮಾಡತಾಳಂತ ಗೊತ್ತಿದ್ರ ನಾನರ ಹೇಳತಿದ್ದೆ" ಎಂದಳು. ಅವತ್ತು ಅವಳು ತಂದುಕೊಟ್ಟ ಚಹಾವನ್ನು ನಾನು ಕುಳಿತುಕೊಂಡು ಕುಡಿದೆ.

ಆಮೇಲೆ ಕೆಲವು ದಿನ ಇಳಕಲ್ಲಿನಿಂದ ಫೋನು ಬರಲಿಲ್ಲ. ಅದಕ್ಕೂ ಚಡಪಡಿಸಿದೆ. ಪಟ್ಟಿ ಸಡಿಲವಾಗಿರಬಹುದೇ, ಕಾಲು ತಣ್ಣಗಾದರೆ ಅಲೆ ಸರಿಯಾಗಿ ಬರುತ್ತದೆಯೇ, ಮತ್ತೆ ಪ್ಲಾಸ್ಟರು ಅಂಟಿಸಿದ್ದಾರೆಯೇ. ನಾನೇ ಫೋನು ಮಾಡಿದರೆ ಸಿಸ್ಟರ್, "ಮಶೀನ ಆರಾಮ ಐತ್ರಿ ಸರ, ನೀವು ಆರಾಮ ಇರ್ರಿ" ಎಂದರು.

ಒಂದು ಬೆಳಿಗ್ಗೆ ಗುಡೂರು ದಾಟಿ ಬೈಕಿನಲ್ಲಿ ಹೋಗುತ್ತಿದ್ದಾಗ ಜೇಬು ನಡುಗಿತು. ಬೈಕನ್ನು ಹೊಲದ ಬದುವಿಗೆ ಇಳಿಸಿ ಫೋನೆತ್ತಿದೆ. ಹಿರಿಯ ಸಿಸ್ಟರ್.

"ಸರ, ಇವತ್ತ ಖರೇನ ಒದರಿತ್ರಿ."

ಮುದುಕಿ ಎಂದಿನಂತೆ ಪೂಜೆಗೆ ಕುಳಿತಿದ್ದಳಂತೆ, ದಿಂಬಿಗೆ ಒರಗಿ. ಮಾನಿಟರು ಒದರಿದಾಗ ಓಡಿ ಹೋದರೆ ಅಂಗೈ ಬಿಚ್ಚಿದೆ, ಲಿಂಗ ಅಂಗೈಯಲ್ಲಿದೆ, ಕಣ್ಣು ಮುಚ್ಚಿವೆ, ಮುಖ ಶಾಂತ. ಧ್ಯಾನದಲ್ಲಿದ್ದಾಳೆಂದೇ ತೋರಿತಂತೆ. ಅಂಕಿ ನೋಡಿದರೆ ಇಳಿಯುತ್ತಲೇ ಇದೆ, ತುಟಿ ನೀಲಿಗಟ್ಟಿದೆ. ಕಫ ಕಟ್ಟಿ ಉಸಿರು ನಿಂತು ನಿಂತು ಬರುತ್ತಿತ್ತು. ಡಾಕ್ಟರು ಓಡಿಬಂದರು, ಸಕ್ಷನ್ ಹಾಕಿದರು, ದೊಡ್ಡ ಮಾಸ್ಕಿನಿಂದ ಆಕ್ಸಿಜನ್ ಕೊಟ್ಟರು. "ಈಗ ಕಣ್ಣ ತಗದಾರ್ರಿ. ಹಳೀ ಹಂಗ ಕ್ಲಿಪ್ ಕೈಗಿ ಇದ್ದಿದ್ರ, ಮಶೀನಿನ ಬಾಯಿಗಿ ಪ್ಲಾಸ್ಟರ್ ಇದ್ದಿದ್ರ, ಆಯಿ ಪೂಜಿ ಮಾಡಾಕತ್ತಾಳ ಅಂತ ನಾನ ಸುಮ್ಮ ಇರತಿದ್ದೆರಿ ಸರ. ಸುಮ್ಮ ಇರತಿದ್ದೆ."

ಫೋನಿಟ್ಟು ನಾನು ಹೊಲದ ಬದುವಿನ ಮೇಲೆ ನಿಂತು ಜೋರಾಗಿ ಕೂಗಿಬಿಟ್ಟೆ. ಏನೆಂದು ಕೂಗಿದೆನೋ ನೆನಪಿಲ್ಲ. ಟ್ರ್ಯಾಕ್ಟರಿನವನೊಬ್ಬ ವೇಗ ಇಳಿಸಿ, "ಯಾಕ್ರಿ, ಏನಾತ್ರಿ?" ಎಂದ. "ಏನೂ ಇಲ್ರಿ, ಹೋಗ್ರಿ" ಎಂದೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ರಿಪೇರಿ ಮಾಡಿದ ಯಂತ್ರ ಯಾರ ಜೀವ ಉಳಿಸಿತು ಎಂದು ನನಗೆ ತಿಳಿಯುವುದೇ ಇಲ್ಲ. ಯಂತ್ರ ಸರಿಯಾದೊಡನೆ ನಾನು ಮುಂದಿನ ಊರಿಗೆ ಹೊರಟಿರುತ್ತೇನೆ. ಇದೊಂದು ತಿಳಿಯಿತು. ಅವತ್ತು ಮನೆಯಲ್ಲಿ ಎರಡು ಸಲ ಬಡಿಸಿಕೊಂಡು ಉಂಡೆ, ಹೆಂಡತಿಗೆ ಎಲ್ಲ ಹೇಳಿದೆ. ಓಣಿಯಲ್ಲಿ ಗಾಡಿಯೊಂದು ಕುಂಯ್ ಎಂದಿತಂತೆ, ನನಗೆ ಕೇಳಿಸಲೇ ಇಲ್ಲ. "ಇವತ್ತ ನಿಮ್ಮ ಕಿವಿ ಮನ್ಯಾಗ ಐತಿ" ಎಂದಳು.

ಇಳಕಲ್ಲಿಗೆ ಹೋಗಲು ಬೇರೆ ಕೆಲಸವೇನೂ ಇರಲಿಲ್ಲ. ಆದರೂ ಕೆಲವು ದಿನ ಬಿಟ್ಟು ಹೋದೆ. ಮುದುಕಿಯನ್ನು ಜನರಲ್ ವಾರ್ಡಿಗೆ ತಂದಿದ್ದರು, ಮರುದಿನ ಮನೆಗೆ ಕಳಿಸುವವರಿದ್ದರು. ಮೂಗಿನ ನಳಿಗೆ ಇರಲಿಲ್ಲ, ಕಾಲಿನ ಪಟ್ಟಿಯೂ ಇರಲಿಲ್ಲ. ಮಗಳು ತಲೆ ಬಾಚುತ್ತಿದ್ದಳು. ನನ್ನನ್ನು ಕಂಡು ಬಾಚಣಿಗೆ ಹಿಡಿದ ಕೈಯನ್ನೇ ಮುಗಿದಳು. "ಯವ್ವಾ, ಮಶೀನಿನ ಅಣ್ಣಾರು ಬಂದಾರ ನೋಡು. ಇವರಿಂದನ ನೀ ನನಗ ಉಳದಿ." ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. ನನಗೆ ಜಂಬವಾಯಿತು, ಸುಳ್ಳು ಯಾಕೆ ಹೇಳಲಿ.

ಮುದುಕಿ ಮಾತ್ರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನಲ್ಲೇನು, ಕಾಲಿಗಿ ಕಟ್ಟಿದಾಂವ?"

"ಹೌದ್ರಿ ಆಯಿ."

"ಚೊಲೊ ಹೊಂಟಿದ್ದೆ ತಮ್ಮಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕಳೆದುಕೊಂಡದ್ದೇನನ್ನೋ ಹೇಳುವವಳ ಬೇಸರವಿತ್ತು. "ಲಿಂಗಾ ಅಂಗೈಯಾಗಿತ್ತು. ಕಣ್ಣ ಮುಂದ ಅದೊಂದ ಬಿಟ್ಟು ಮತ್ತೇನೂ ಇರಲಿಲ್ಲ. ಉಸರು ಸಣ್ಣಗಾಗಾಕತ್ತಿತ್ತು, ಖರೆ ತ್ರಾಸ ಇರಲಿಲ್ಲ. ಅಂಥಾ ಹೊತ್ತು ಎಷ್ಟ ಮಂದಿಗಿ ಸಿಗತೈತಿ? ಅಷ್ಟರಾಗ ನಿನ್ನ ಮಶೀನ ಒದರಿತು. ಎಲ್ಲಾರೂ ಕೂಡಿ ಹಿಡದ ಎಳದ ತಂದ್ರಿ."

"ಏನ್ ಮಾತಾಡತಿ ಯವ್ವಾ!" ಎಂದು ಮಗಳು ಗದರಿದಳು.

ಅವರಲ್ಲಿ ಸತ್ತರು ಎನ್ನುವುದಿಲ್ಲ, ಲಿಂಗೈಕ್ಯರಾದರು ಎನ್ನುತ್ತಾರೆ. ಓಣಿಯ ಗೋಡೆಗೆ ಹಚ್ಚಿದ ಶ್ರದ್ಧಾಂಜಲಿ ಚೀಟಿಗಳಲ್ಲಿ ಆ ಮಾತನ್ನು ಎಷ್ಟೋ ಸಲ ಓದಿದ್ದೇನೆ. ಅದಕ್ಕೊಂದು ಹೊತ್ತು ಇರಬಹುದು, ಒಬ್ಬ ಮುದುಕಿ ದಿನಾ ಬೆಳಿಗ್ಗೆ ಅಂಗೈ ಬರಿದು ಮಾಡಿಕೊಂಡು ಅದಕ್ಕೆ ಸಿದ್ಧಳಾಗಿ ಕೂರುತ್ತಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಮಗಳ ಮುಖ ನೋಡಿ ಮುದುಕಿ ಮೆತ್ತಗಾದಳು. "ಅಳಬ್ಯಾಡ. ನಿನ್ನ ಸಲುವಾಗಿ ಬಂದೇನಿ ಅಂತ ತಿಳಕೋ. ಹೋಗು, ಅಣ್ಣಗ ಚಾ ತಗೊಂಬಾ." ಮಗಳು ಕಣ್ಣೊರೆಸಿಕೊಂಡು ಎದ್ದಳು. ಅವಳ ಹೆಜ್ಜೆಯ ಸದ್ದು ಮೆಟ್ಟಿಲಿಳಿಯುವವರೆಗೆ ಮುದುಕಿ ಕಾದಳು. ಆಮೇಲೆ ನನ್ನನ್ನು ಹತ್ತಿರ ಕರೆದಳು.

"ಮತ್ತೊಮ್ಮಿ ನನ್ನ ಇಲ್ಲಿಗಿ ತಂದ ಹಾಕಿದ್ರ ಕಾಲಿಗಿ ಕಟ್ಟಬ್ಯಾಡ ತಮ್ಮಾ. ಆ ಚಿಮಟಾ ಕೈಗೇ ಹಾಕು. ನಾ ಬೇಕಾದಾಗ ತಕ್ಕೋತೇನಿ."

ಹಾಗೆಂದು ಎಡಗೈಯನ್ನು ನನ್ನ ಮುಂದೆ ಚಾಚಿದಳು. ಕೈ ಮೇಲೆ ಕೈಯಿಟ್ಟು ಮಾತು ಕೊಡು ಎಂದು. ತೋರುಬೆರಳಿನ ಮೇಲೆ ಕ್ಲಿಪ್ಪು ಒತ್ತಿದ ಕಲೆ ಇನ್ನೂ ಇತ್ತು. ಅಂಗೈ ಚಿಕ್ಕದು, ಸ್ವಚ್ಛ. ನನ್ನ ಕೈ ಮೇಲೇಳಲಿಲ್ಲ. ಬೇಡ ಎನ್ನಲೂ ಬಾಯಿ ಬರಲಿಲ್ಲ. ಮೆಟ್ಟಿಲ ಮೇಲೆ ಮಗಳ ಹೆಜ್ಜೆ ಕೇಳಿಸಿದಾಗ ಮುದುಕಿ, ಹಿಂದೆ ಸಿಸ್ಟರ್ ಬರುವಾಗ ಮಾಡುತ್ತಿದ್ದಂತೆಯೇ, ಆ ಕೈಯನ್ನು ಮೆಲ್ಲಗೆ ಚಾದರದಡಿ ಸೇರಿಸಿಕೊಂಡಳು. ನಾನು ಚಹಾವನ್ನು ನಿಂತೇ ಕುಡಿದೆ. ಬಾಯಿ ಸುಟ್ಟಿತು.

ಆ ಆಸ್ಪತ್ರೆಯಿಂದ ಈಗಲೂ ಫೋನು ಬರುತ್ತದೆ. ಯಾವ ಮಶೀನು, ಏನಾಗಿದೆ ಎಂದು ಕೇಳುವುದು ನನ್ನ ಕೆಲಸ. ನಾನು ಮೊದಲು ಕೇಳುವುದು ಬೇರೆ: "ಕಿಟಕಿ ಕಡಿ ಬೆಡ್ಡಿನ್ಯಾಗ ಯಾರದಾರ್ರಿ?" ಹಿರಿಯ ಸಿಸ್ಟರ್ ನಗುತ್ತಾರೆ. "ಬ್ಯಾರೆಯವರದಾರ್ರಿ ಸರ." ಆಮೇಲೆ ಬೈಕು ಹತ್ತುತ್ತೇನೆ. ಬ್ಯಾಗಿನಲ್ಲಿ ಎರಡೂ ಇರುತ್ತವೆ, ಕೈಗೆ ಹಾಕುವುದೂ, ಕಾಲಿಗೆ ಕಟ್ಟುವುದೂ.